ದಾರಿಯ ಹಕ್ಕು



ಒಂದು ಶುಕ್ರವಾರ ಜುಮಾಕ್ಕೆ ತಡವಾಗಿತ್ತು. ಮಸೀದಿಯ ಪಕ್ಕದ ಓಣಿಯ ಬಾಯಿಗೇ ಬೈಕ್ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ ಒಳಗೆ ಓಡಿದೆ. ನಮಾಝ್ ಮುಗಿಸಿ ಬಂದಾಗ ನಾಲ್ವರು ಅದನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಓಣಿಯೊಳಗೆ ವೃದ್ಧೆಯೊಬ್ಬರಿಗೆ ಉಸಿರು ಕಟ್ಟಿತ್ತು. ಅವರನ್ನು ಆಸ್ಪತ್ರೆಗೆ ಒಯ್ಯಲು ಬಂದ ಆಟೋ ನನ್ನ ಬೈಕಿನಿಂದಾಗಿ ಹತ್ತು ನಿಮಿಷ ಹೊರಗೇ ನಿಂತಿತ್ತು.

ಪೊಲೀಸರು ವಿಧಿಸಿದ ದಂಡ ಕಟ್ಟಿದೆ. ಆದರೆ ಆ ಹಣ ಸರಕಾರದ ಖಜಾನೆಗೆ ಹೋಯಿತು. ಆ ತಾಯಿಯ ಹತ್ತು ನಿಮಿಷ ಯಾರ ಲೆಕ್ಕಕ್ಕೆ?

ನಮಾಝಿಗೆ ಓಡಬೇಡಿ, ಶಾಂತವಾಗಿ ನಡೆದು ಬನ್ನಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಾರಿಗೂ ಹಕ್ಕುಗಳಿವೆ, ಯಾರಿಗೂ ತೊಂದರೆ ಕೊಡದಿರುವುದು ಅವುಗಳಲ್ಲೊಂದು ಎಂದೂ ತಿಳಿಸಿದ್ದಾರೆ. ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದು ಈಮಾನಿನ ಒಂದು ಶಾಖೆಯಾದರೆ, ದಾರಿಗೆ ನಾವೇ ಮುಳ್ಳಾಗುವುದು ಏನು?

ಈ ವಿಷಯದಲ್ಲಿ ನಾಡಿನ ಕಾನೂನೂ ಧರ್ಮಕ್ಕೆ ವಿರುದ್ಧವಾಗಿಲ್ಲ. ಪಾದಚಾರಿ ಮಾರ್ಗ, ಜೀಬ್ರಾ ಪಟ್ಟಿ, ತಿರುವು, ಬಸ್ ನಿಲ್ದಾಣ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲು, ನಿಂತ ಇನ್ನೊಂದು ವಾಹನದ ಮಗ್ಗುಲು, ಇಲ್ಲೆಲ್ಲ ವಾಹನ ನಿಲ್ಲಿಸಬಾರದು. ಅಡ್ಡಿಯಾದ ವಾಹನವನ್ನು ಎಳೆದೊಯ್ಯುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆ ಪೊಲೀಸರಿಗೆ ಕೊಟ್ಟಿದೆ. ಎಳೆದೊಯ್ದ ಖರ್ಚೂ ಮಾಲೀಕನ ಮೇಲೆಯೇ. ಈ ನಿಯಮಗಳನ್ನು ಒಮ್ಮೆ ಓದಿಕೊಂಡರೆ ದಂಡ ತಾನಾಗಿಯೇ ತಪ್ಪುತ್ತದೆ.

ಆದರೂ ನಾವು ಪೊಲೀಸರಿದ್ದಾರೆಯೇ ಎಂದು ನೋಡುತ್ತೇವೆ, ಅಲ್ಲಾಹನು ನೋಡುತ್ತಿದ್ದಾನೆಂಬುದನ್ನು ಮರೆಯುತ್ತೇವೆ. ವಿಜಯಪುರದ ಗಾಂಧಿ ಚೌಕದಲ್ಲಿ ಶಿಳ್ಳೆ ಕೇಳಿದರೆ ಗಾಡಿ ಸರಿಸುವ ನಾವು, ತಿಕೋಟಾ, ಬಬಲೇಶ್ವರಗಳ ಸಂತೆಯ ದಿನ ಯಾರ ಅಂಗಡಿಯ ಮುಂದಾದರೂ ನಿಲ್ಲಿಸಿ ಹೋಗುತ್ತೇವೆ. "ಐದೇ ನಿಮಿಷ" ಎನ್ನುತ್ತೇವೆ. ಆ ಐದು ನಿಮಿಷ ನಮ್ಮದಲ್ಲ, ಇನ್ನೊಬ್ಬರದು. ಕೇಳದೆ ತೆಗೆದುಕೊಂಡದ್ದು.

ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಪರಲೋಕಕ್ಕೆ ಬಂದು, ಜನರಿಗೆ ಮಾಡಿದ ಅನ್ಯಾಯಕ್ಕೆ ಅದನ್ನೆಲ್ಲ ಹಂಚಿ ಬರಿಗೈಯಾಗುವವನೇ ನಿಜವಾದ ದಿವಾಳಿ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಅಲ್ಲಾಹನು ತನ್ನ ಹಕ್ಕನ್ನು ಕ್ಷಮಿಸಬಹುದು. ದಾಸರ ಹಕ್ಕನ್ನು ದಾಸರಿಂದಲೇ ಕ್ಷಮೆ ಪಡೆಯಬೇಕು.

ಅಂದು ಸಂಜೆ ಆ ಮನೆಗೆ ಹೋದೆ. ಅವರು ನಮ್ಮ ಧರ್ಮದವರಲ್ಲ. ತಾಯಿ ಚೇತರಿಸಿಕೊಳ್ಳುತ್ತಿದ್ದರು, ಅಲ್‌ಹಮ್ದುಲಿಲ್ಲಾಹ್. ಕ್ಷಮೆ ಕೇಳಿದಾಗ ಅವರ ಮಗ ನಕ್ಕು, "ನಮಾಜ ನೀವು ಮಾಡಿದ್ರಿ, ಗಾಡಿ ನಾವು ಎತ್ತಿದ್ವಿ. ಇರ್ಲಿ ಬಿಡ್ರಿ ಮಾಸ್ತರ" ಎಂದರು. ಚಹಾ ಕೊಟ್ಟರು. ಆ ಮಾತು ಯಾವ ದಂಡಕ್ಕಿಂತಲೂ ಭಾರವಾಗಿತ್ತು.

ಈಗ ಹತ್ತು ನಿಮಿಷ ಮೊದಲೇ ಹೊರಡುತ್ತೇನೆ. ಬೈಕನ್ನು ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತೇನೆ. ಮಸೀದಿಗೆ ಇಡುವ ಪ್ರತಿ ಹೆಜ್ಜೆಗೂ ಪ್ರತಿಫಲವಿದೆಯಲ್ಲವೇ?

ನಮ್ಮ ಇಬಾದತ್ ಯಾರ ದಾರಿಗೂ ಅಡ್ಡವಾಗದಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.