ಯಾರೂ ಇಲ್ಲದವರಿಗಾಗಿ ಪ್ರಾರ್ಥನೆ

ಪರರಿಗಾಗಿ ಪ್ರಾರ್ಥಿಸುವುದು ಕ್ರೈಸ್ತ ಬದುಕಿನಲ್ಲಿ ಎಷ್ಟು ಸಹಜವೆಂದರೆ, ಅದರಲ್ಲಿ ಅಡಗಿರುವ ಪ್ರಶ್ನೆ ನಮ್ಮ ಗಮನಕ್ಕೆ ಬರುವುದೇ ಅಪರೂಪ. ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ಅವರ ಹೆಸರಿನಲ್ಲಿ ಬಲಿಪೂಜೆ ಒಪ್ಪಿಸುತ್ತೇವೆ. ನೆರೆಹೊರೆಯವರು ಸೇರಿ ಜಪಮಾಲೆ ಹೇಳುತ್ತೇವೆ. ಬಂಧುಬಳಗಕ್ಕೆಲ್ಲ ಫೋನು ಮಾಡಿ ಪ್ರಾರ್ಥನೆಯ ನೆರವನ್ನು ಕೋರುತ್ತೇವೆ. ಹೆಚ್ಚು ಜನ ಪ್ರಾರ್ಥಿಸಿದಷ್ಟೂ ಒಳಿತು ಬೇಗನೆ ಆಗುವುದೆಂಬುದು ನಮ್ಮ ಎಣಿಕೆ. ಆದರೆ ಈ ಎಣಿಕೆಯನ್ನು ಕೊನೆಯವರೆಗೆ ಕೊಂಡೊಯ್ದರೆ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ನೂರು ಜನರ ಪ್ರಾರ್ಥನೆಯ ಬಲವುಳ್ಳವನ ಪಕ್ಕದ ಹಾಸಿಗೆಯಲ್ಲೇ, ಯಾರೂ ನೆನೆಯದ ರೋಗಿಯೊಬ್ಬ ಮಲಗಿರಬಹುದು. ಅವನ ಗತಿಯೇನು? ಶಿಫಾರಸು ಮಾಡುವವರಿಲ್ಲದವನ ಅರ್ಜಿ ದೇವರ ಸನ್ನಿಧಿಯಲ್ಲಿಯೂ ಮೂಲೆಗೆ ಬೀಳುವುದೇ?

ಶುಭಸಂದೇಶದ ಇಬ್ಬರು ರೋಗಿಗಳ ವೃತ್ತಾಂತಗಳನ್ನು ಜೊತೆಗಿಟ್ಟು ಓದಿದಾಗ ಈ ಪ್ರಶ್ನೆಗೆ ಬೆಳಕು ದೊರೆಯುತ್ತದೆ. ಮೊದಲನೆಯವನು ಕಪೆರ್ನವುಮಿನ ಪಾರ್ಶ್ವವಾಯು ರೋಗಿ. ಅವನನ್ನು ಹೊತ್ತು ತರಲು ನಾಲ್ವರಿದ್ದರು. ಜನಜಂಗುಳಿಯಿಂದಾಗಿ ಬಾಗಿಲಲ್ಲಿ ಎಡೆ ಸಿಗದಿದ್ದಾಗ ಅವರು ಮಾಳಿಗೆಯನ್ನೇ ತೆರೆದು ಅವನನ್ನು ಯೇಸುವಿನ ಮುಂದೆ ಇಳಿಸಿದರು. ಆ ರೋಗಿ ಒಂದು ಮಾತನ್ನೂ ಆಡಿದಂತೆ ಮಾರ್ಕನು ಬರೆದಿಲ್ಲ. ಯೇಸು ಕಂಡದ್ದು ಹೊತ್ತು ತಂದವರ ವಿಶ್ವಾಸವನ್ನು. ಎರಡನೆಯವನು ಜೆರುಸಲೇಮಿನ ಬೆತ್ಸಥ ಕೊಳದ ಬಳಿ ಬಿದ್ದಿದ್ದವನು. 38 ವರ್ಷಗಳ ರೋಗ ಅವನದು. ಗುಣಹೊಂದುವ ಮನಸ್ಸಿದೆಯೇ ಎಂದು ಯೇಸು ಕೇಳಿದಾಗ ಅವನು ಹೇಳಿಕೊಂಡದ್ದು ತನ್ನನ್ನು ಕೊಳಕ್ಕಿಳಿಸುವವರು ಯಾರೂ ಇಲ್ಲವೆಂಬ ದುಃಖವನ್ನು. ಒಬ್ಬನಿಗೆ ನಾಲ್ವರು, ಇನ್ನೊಬ್ಬನಿಗೆ ಯಾರೂ ಇಲ್ಲ. ಆದರೂ ಇಬ್ಬರಿಗೂ ದೊರೆತ ಅಪ್ಪಣೆ ಒಂದೇ: ಎದ್ದು, ಹಾಸಿಗೆಯನ್ನು ಹೊತ್ತು ನಡೆಯಬೇಕೆಂಬುದು. ದೇವರ ಕರುಣೆ ಹೊರುವವರ ತಲೆಯೆಣಿಸಿ ಇಳಿದು ಬರುವಂಥದ್ದಲ್ಲ.

ಹಾಗಾದರೆ ನಾಲ್ವರ ಶ್ರಮ ವ್ಯರ್ಥವೇ? ಯಾರೂ ಬೇಡದಿದ್ದರೂ ಕೊಡುವ ದೇವರ ಮುಂದೆ ಪರರಿಗಾಗಿ ಏಕೆ ಬೇಡಬೇಕು? ಬೆತ್ಸಥದ ರೋಗಿಯ ಮಾತನ್ನು ಇನ್ನೊಮ್ಮೆ ಆಲಿಸೋಣ. ತನಗೆ ಯಾರೂ ಇಲ್ಲವೆಂಬುದು ದೇವರ ಮೇಲಿನ ದೂರಾಗಿರಲಿಲ್ಲ. ಅಷ್ಟು ವರ್ಷ ಅವನನ್ನು ದಾಟಿ ನಡೆದವರ ವಿರುದ್ಧ ಅದೊಂದು ಸಾಕ್ಷ್ಯವಾಗಿತ್ತು. ಐದು ಮಂಟಪಗಳ ತುಂಬ ಜನರಿದ್ದರೂ ಅವನಿಗೆ ಮಾತ್ರ ಯಾರೂ ಇರಲಿಲ್ಲ. ದೇವರು ಅವನನ್ನು ಮರೆಯಲಿಲ್ಲ, ನಿಜ. ಆದರೆ ಆ ದಿನದ ಆನಂದದಲ್ಲಿ ಪಾಲು ಹೇಳಿಕೊಳ್ಳಲು ಒಬ್ಬ ಮನುಷ್ಯನೂ ಇರಲಿಲ್ಲ. ಕಪೆರ್ನವುಮಿನ ನಾಲ್ವರಿಗಾದರೋ ಆ ಭಾಗ್ಯ ಲಭಿಸಿತು. ಪ್ರಾರ್ಥನೆಯು ದೇವರಿಗೆ ತಿಳಿಯದ್ದನ್ನು ತಿಳಿಸುವುದಿಲ್ಲ, ಕರುಣೆಯಿಲ್ಲದವನಲ್ಲಿ ಕರುಣೆ ಹುಟ್ಟಿಸುವುದೂ ಇಲ್ಲ. ಪರರ ಭಾರಕ್ಕೆ ಹೆಗಲು ಕೊಡುವಂತೆ ಅದು ನಮ್ಮನ್ನು ದೇವರ ಕಾರ್ಯದಲ್ಲಿ ಸಹಭಾಗಿಗಳನ್ನಾಗಿ ಮಾಡುತ್ತದೆ.

ಇದನ್ನು ಚೆನ್ನಾಗಿ ಅರಿತವಳು ಫ್ರಾನ್ಸಿನ ಲಿಸ್ಯೂ ಪಟ್ಟಣದ ಬಾಲೆ, ಮುಂದೆ ಬಾಲ ಯೇಸುವಿನ ಸಂತ ತೆರೇಸಾ ಎನಿಸಿಕೊಂಡವಳು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಇಬ್ಬರು ಹೆಂಗಸರನ್ನೂ ಒಬ್ಬ ಹುಡುಗಿಯನ್ನೂ ಕೊಂದ ಅಪರಾಧಕ್ಕಾಗಿ ಪ್ರಾಂಜಿನಿ ಎಂಬವನಿಗೆ ಮರಣದಂಡನೆ ವಿಧಿಸಲಾಯಿತು. ದೇಶವೇ ಅವನನ್ನು ಶಪಿಸುತ್ತಿದ್ದಾಗ 14 ವರ್ಷದ ತೆರೇಸಾ ಅವನಿಗಾಗಿ ಪ್ರಾರ್ಥಿಸಿದಳು, ಬಲಿಪೂಜೆಯನ್ನು ಒಪ್ಪಿಸುವಂತೆ ಮಾಡಿದಳು. ಆಗಸ್ಟ್ 31ರಂದು ಅವನ ಶಿರಚ್ಛೇದವಾಯಿತು. ಕೊನೆಯ ಕ್ಷಣದಲ್ಲಿ ಅವನು ಶಿಲುಬೆಯನ್ನು ಚುಂಬಿಸಿದನೆಂದು ಮರುದಿನ ಪತ್ರಿಕೆಯಲ್ಲಿ ಓದಿ ಆಕೆ ಕಣ್ಣೀರಿಟ್ಟಳು. ಅಂತಹ ಗುರುತು ಸಿಗದಿದ್ದರೂ ದೇವರು ಅವನನ್ನು ಕ್ಷಮಿಸಿರುವನೆಂದು ತಾನು ನಂಬುತ್ತಿದ್ದೆನೆಂದು ಆಕೆ ಬರೆದಿಟ್ಟಿದ್ದಾಳೆ. ಆ ಪ್ರಾರ್ಥನೆ ಅವನನ್ನು ದಂಡನೆಯಿಂದ ತಪ್ಪಿಸಲಿಲ್ಲ, ಸತ್ತವರನ್ನು ಮರಳಿ ತರಲಿಲ್ಲ. ಆದರೆ ಯಾರಿಗೂ ಬೇಡವಾದ ಒಬ್ಬನಿಗೆ ಆ ಗಳಿಗೆಯಲ್ಲಿ ಒಬ್ಬಳಾದರೂ ಇದ್ದಳು.

ಬೇಡಿದ್ದು ಬೇಡಿದಂತೆ ಈಡೇರದಿದ್ದಾಗ ನಮ್ಮ ವಿಶ್ವಾಸ ಕದಡುವುದುಂಟು. ಪ್ರಭು ಯೇಸುವೇ ಪೇತ್ರನಿಗಾಗಿ ಪ್ರಾರ್ಥಿಸಿದರೆಂದು ಲೂಕನು ತಿಳಿಸುತ್ತಾನೆ. ಆದರೂ ಅದೇ ರಾತ್ರಿ ಪೇತ್ರ ತನ್ನ ಗುರುವನ್ನು ಮೂರು ಸಲ ನಿರಾಕರಿಸಿದ. ಪೇತ್ರನಿಗೆ ಶೋಧನೆಯೇ ಬಾರದಿರಲೆಂದು ಪ್ರಭು ಬೇಡಿರಲಿಲ್ಲ. ಅವನ ವಿಶ್ವಾಸ ಕುಂದಿಹೋಗದಿರಲೆಂದು ಬೇಡಿದ್ದರು. ಬಿದ್ದವನು ಅತ್ತು ಎದ್ದದ್ದರಲ್ಲಿ ಆ ಪ್ರಾರ್ಥನೆಯ ಫಲವನ್ನು ಕಾಣಬಹುದು.

ಇನ್ನು, ಪ್ರಾರ್ಥನೆಯ ಹೆಸರಿನಲ್ಲಿ ಹೊಣೆಯಿಂದ ನುಣುಚಿಕೊಳ್ಳುವ ಅಪಾಯವೂ ಉಂಟು. ಹಸಿದವನನ್ನು ಬರಿಯ ಹಾರೈಕೆಯಿಂದ ಬೀಳ್ಕೊಡುವ ವಿಶ್ವಾಸದಿಂದ ಪ್ರಯೋಜನವೇನೆಂದು ಯಕೋಬನ ಪತ್ರ ಕೇಳುತ್ತದೆ. ಕೈ ಎಟಕುವಲ್ಲಿ ಕೈಯೇ ನಮ್ಮ ಪ್ರಾರ್ಥನೆ ಆಗಬೇಕು; ಕೈ ಎಟಕದಲ್ಲಿ ಪ್ರಾರ್ಥನೆಯೇ ಕೈ ಆಗಬೇಕು. ಮಾಳಿಗೆಯನ್ನು ತೆರೆದ ನಾಲ್ವರು ಇವೆರಡನ್ನೂ ಬೇರ್ಪಡಿಸಲಿಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬಲಿಪೂಜೆಯೊಳಗೆ ವಿಶ್ವಾಸಿಗಳ ಪ್ರಾರ್ಥನೆಯನ್ನು ಪುನಃ ಸ್ಥಾಪಿಸಿದಾಗ, ಅದು ಧರ್ಮಸಭೆಗಾಗಿ, ಆಳುವವರಿಗಾಗಿ, ನಾನಾ ಕಷ್ಟಗಳಲ್ಲಿರುವವರಿಗಾಗಿ, ಸಮಸ್ತ ಮಾನವರಿಗಾಗಿ ಇರಬೇಕೆಂದು ವಿಧಿಸಿತು. ನಮ್ಮವರು, ಬೇರೆಯವರು ಎಂಬ ಗಡಿ ಅಲ್ಲಿಲ್ಲ. ಭಾನುವಾರ ಆ ಬಿನ್ನಹಗಳಿಗೆ ಬಾಯಿಪಾಠದಂತೆ ಉತ್ತರಿಸುವಾಗ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು: ನಮ್ಮ ಊರಿನಲ್ಲಿ ತನಗೆ ಯಾರೂ ಇಲ್ಲವೆಂದು ಇಂದು ಹೇಳುತ್ತಿರುವವರು ಯಾರು? ಸೆರೆಮನೆಯಲ್ಲಿರುವವನೋ, ಮಕ್ಕಳು ದೂರವಾದ ವೃದ್ಧೆಯೋ, ನಾವೇ ಮಾತು ಬಿಟ್ಟಿರುವ ನೆರೆಯವನೋ? ಆ ಹೆಸರನ್ನು ದೇವರ ಮುಂದಿಡೋಣ. ದೇವರಿಗೆ ಅದು ಮೊದಲೇ ಗೊತ್ತು, ಗೊತ್ತಾಗಬೇಕಾದದ್ದು ನಮಗೆ.