ಗರ್ಭಿಣಿಯ ಚಿಂತೆಯೂ ಕಯಾಧುವಿನ ಆಶ್ರಮವಾಸವೂ

|| ಶ್ರೀ ಹರಿವಾಯುಗುರುಭ್ಯೋ ನಮಃ ||

ಶ್ರೀಮದ್ಭಾಗವತದ ಸಪ್ತಮಸ್ಕಂಧದ ಪ್ರವಚನವನ್ನು ಕೇಳುವಾಗ ನಮ್ಮೆಲ್ಲರ ಮನಸ್ಸು ಕಂಬದ ಕಡೆಗೇ ನೆಟ್ಟಿರುತ್ತದೆ. ಶ್ರೀನರಸಿಂಹದೇವರ ಪ್ರಾದುರ್ಭಾವವನ್ನು ಕಾತರದಿಂದ ಎದುರು ನೋಡುವ ನಾವು, ಅದಕ್ಕೆ ಮೊದಲು ಪ್ರಹ್ಲಾದರಾಜರು ತಮ್ಮ ಸಹಪಾಠಿಗಳಿಗೆ ಹೇಳುವ ಒಂದು ವೃತ್ತಾಂತವನ್ನು ಬೇಗನೆ ದಾಟಿಬಿಡುತ್ತೇವೆ. ಅದು ಅವರ ತಾಯಿ ಕಯಾಧುವಿನ ವೃತ್ತಾಂತ. ಮನೆಯಲ್ಲಿ ಬಸುರಿಯಾದ ಸೊಸೆಯೋ ಮಗಳೋ ಇರುವ ಪ್ರತಿಯೊಬ್ಬ ಗೃಹಸ್ಥನೂ ಆ ಭಾಗವನ್ನು ನಿಧಾನವಾಗಿ ಮನನ ಮಾಡುವುದು ಯುಕ್ತ.

ಹಿರಣ್ಯಕಶಿಪು ತಪಸ್ಸಿಗೆಂದು ಮಂದರಪರ್ವತಕ್ಕೆ ಹೋದಾಗ ದೇವತೆಗಳು ದೈತ್ಯರ ಮೇಲೆ ದಂಡೆತ್ತಿ ಬಂದರು. ದೈತ್ಯರು ದಿಕ್ಕು ದಿಕ್ಕಿಗೆ ಓಡಿದರು. ಗರ್ಭಿಣಿಯಾಗಿದ್ದ ರಾಣಿಯನ್ನು ಇಂದ್ರನು ಸೆರೆಹಿಡಿದು ಎಳೆದೊಯ್ಯುತ್ತಿದ್ದನು. ಆಕೆ ಭಯದಿಂದ ಕೂಗಿಡುತ್ತಿದ್ದಳು. ದಾರಿಯಲ್ಲಿ ದೇವರ್ಷಿ ನಾರದರು ಇಂದ್ರನನ್ನು ತಡೆದು, ನಿರಪರಾಧಿಯಾದ ಪರಸತಿಯನ್ನು ಬಿಡಿಸಿದರು; ಗರ್ಭದಲ್ಲಿರುವವನು ಮಹಾಭಾಗವತನೆಂದು ತಿಳಿಸಿದರು. ಅನಂತರ ಆಕೆಯನ್ನು ತಮ್ಮ ಆಶ್ರಮಕ್ಕೆ ಕರೆತಂದು ಸಮಾಧಾನಪಡಿಸಿ, ಪತಿಯು ಹಿಂದಿರುಗುವವರೆಗೆ ಇಲ್ಲಿಯೇ ಇರಬೇಕೆಂದರು. ಅಲ್ಲಿ ಆಕೆಗೆ ಯಾವ ಕಡೆಯಿಂದಲೂ ಭಯವಿರಲಿಲ್ಲ. ಗರ್ಭದ ಕ್ಷೇಮವನ್ನು ಬಯಸಿ ಆಕೆ ಋಷಿಗಳ ಸೇವೆ ಮಾಡಿಕೊಂಡಿದ್ದಳು. ಆಗಲೇ ನಾರದರು ಆಕೆಗೆ ಧರ್ಮತತ್ತ್ವವನ್ನೂ ಜ್ಞಾನವನ್ನೂ ಉಪದೇಶಿಸಿದರು. ಆ ಉಪದೇಶವು ಗರ್ಭಸ್ಥರಾಗಿದ್ದ ಪ್ರಹ್ಲಾದರಾಜರಿಗೂ ಸಂದಿತು.

ಇಲ್ಲಿ ನಾವು ಕ್ರಮವನ್ನು ಗಮನಿಸಬೇಕು. ನಾರದರು ಮೊದಲು ಅಪಾಯವನ್ನು ತಪ್ಪಿಸಿದರು. ಎರಡನೆಯದಾಗಿ ಆಶ್ರಯವನ್ನಿತ್ತು ಸಮಾಧಾನ ಹೇಳಿದರು. ಉಪದೇಶ ಬಂದದ್ದು ಮೂರನೆಯದಾಗಿ. ನಮ್ಮ ಮನೆಗಳಲ್ಲಿ ಈ ಕ್ರಮ ಅನೇಕ ವೇಳೆ ತಲೆಕೆಳಗಾಗುತ್ತದೆ. ಬಸುರಿಯು ಬಾಯಿಬಿಟ್ಟು ತನ್ನ ಚಿಂತೆಯನ್ನು ಹೇಳುವ ಮೊದಲೇ ಉಪದೇಶಗಳ ಮಳೆ ಸುರಿಯುತ್ತದೆ. “ದೇವರ ಮೇಲೆ ಭಾರ ಹಾಕು, ಚಿಂತಿಸಬೇಡ” ಎಂದರೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಚಿಂತೆಗೆ ಕಾರಣವೇನು, ಅದರಲ್ಲಿ ನಾವು ನಿವಾರಿಸಬಹುದಾದದ್ದು ಎಷ್ಟು ಎಂದು ವಿಚಾರಿಸುವವರು ವಿರಳ.

ನಾಲ್ಕು ತುಂಬಿ ಏಳನೆಯ ತಿಂಗಳು ಕಳೆಯುವವರೆಗಿನ ಕಾಲವು ಮೇಲ್ನೋಟಕ್ಕೆ ನಿರಾಳವಾಗಿ ಕಾಣುತ್ತದೆ. ವಾಂತಿ, ಸಂಕಟಗಳು ಬಹುಮಟ್ಟಿಗೆ ಇಳಿದಿರುತ್ತವೆ. ಹೆರಿಗೆಯು ಇನ್ನೂ ದೂರವಿರುತ್ತದೆ. ಮನಸ್ಸಿನ ಕಳವಳ ಬೆಳೆಯುವುದು ಈ ಬಿಡುವಿನಲ್ಲಿಯೇ. ಚೊಚ್ಚಲ ಬಸುರಿಗೆ ಕೂಸಿನ ಚಲನೆ ತಿಳಿಯುವುದು ಸಾಮಾನ್ಯವಾಗಿ 18ರಿಂದ 20ನೆಯ ವಾರದ ಸುಮಾರಿಗೆ. ಅಲ್ಲಿಯವರೆಗೆ “ಕೂಸು ಕ್ಷೇಮವಾಗಿದೆಯೋ ಇಲ್ಲವೋ” ಎಂಬ ಶಂಕೆ. ಅದೇ ವಾರಗಳಲ್ಲಿ ಅಂಗಾಂಗಗಳ ಪರೀಕ್ಷೆಗಾಗಿ ಸ್ಕ್ಯಾನಿಂಗ್. ಅದರ ವರದಿ ಕೈಗೆ ಬರುವ ತನಕ ನಿದ್ರೆಯಿಲ್ಲ. 24ರಿಂದ 28ನೆಯ ವಾರದಲ್ಲಿ ಸಕ್ಕರೆಯ ಅಂಶದ ಪರೀಕ್ಷೆ. ಅದರ ಚಿಂತೆ ಬೇರೆ. ಇವುಗಳ ಜೊತೆಗೆ ತವರಿಗೆ ಯಾವಾಗ ಹೋಗುವುದು, ಖರ್ಚಿಗೆ ಏನು ಮಾಡುವುದು, ಬಾಣಂತನಕ್ಕೆ ಯಾರು ಇರುವರು ಎಂಬ ಪ್ರಶ್ನೆಗಳು. ಇಂಥ ಭಯವನ್ನು ಭಕ್ತಿಯ ಕೊರತೆಯೆಂದು ಹಳಿಯುವುದು ಸರಿಯಲ್ಲ.

ಉತ್ತರಾದೇವಿಯನ್ನು ನೆನೆಯಿರಿ. ಶ್ರೀಕೃಷ್ಣನು ದ್ವಾರಕೆಗೆ ಹೊರಟು ರಥವನ್ನೇರಿದ್ದಾನೆ. ಅಷ್ಟರಲ್ಲಿ ಅಶ್ವತ್ಥಾಮನ ಅಸ್ತ್ರಕ್ಕೆ ಬೆದರಿದ ಉತ್ತರೆಯು ಎಲ್ಲರ ಎದುರಿಗೇ ಓಡಿ ಬಂದು, ತಾನು ಸುಟ್ಟರೂ ಚಿಂತೆಯಿಲ್ಲ, ಗರ್ಭ ಮಾತ್ರ ಉಳಿಯಲೆಂದು ಬೇಡಿಕೊಂಡಳು. ಸ್ವಾಮಿಯು “ಇಷ್ಟೊಂದು ಹೆದರಿಕೆಯೇಕೆ” ಎಂದು ಆಕೆಯನ್ನು ಗದರಲಿಲ್ಲ. ಗರ್ಭವನ್ನು ತನ್ನ ಮಾಯೆಯಿಂದ ಮುಚ್ಚಿ ಕಾಪಾಡಿದನು. ಒಳಗಿದ್ದ ಶಿಶುವು ಅಂಗುಷ್ಠಮಾತ್ರನಾದ ಆ ಪುರುಷನನ್ನು ಕಂಡಿತು. ಹುಟ್ಟಿದ ಮೇಲೆ ಕಂಡವರಲ್ಲೆಲ್ಲ ಅವನನ್ನೇ ಪರೀಕ್ಷಿಸಿ ಹುಡುಕಿದ್ದರಿಂದ ಪರೀಕ್ಷಿತನೆಂಬ ಹೆಸರು ಬಂತು. ಭಯವನ್ನು ಒಳಗೆ ಹುದುಗಿಸಿಕೊಳ್ಳದೆ ಹೇಳತಕ್ಕವರಲ್ಲಿ ಹೇಳುವುದೇ ಉತ್ತರೆಯು ತೋರಿದ ಮಾರ್ಗ. ಕೇಳುವ ಕಿವಿ ಮನೆಯಲ್ಲಿರಬೇಕು. ಅತ್ತೆ, ತಾಯಿ, ವಿಶೇಷವಾಗಿ ಪತಿ, ಇವರ ಪ್ರಥಮಕರ್ತವ್ಯವದು.

ನಮ್ಮ ಸೂತ್ರಕಾರರಿಗೆ ಈ ಮರ್ಮ ತಿಳಿದಿತ್ತು. ಆಶ್ವಲಾಯನ ಗೃಹ್ಯಸೂತ್ರವು ಸೀಮಂತೋನ್ನಯನವನ್ನು ನಾಲ್ಕನೆಯ ತಿಂಗಳಲ್ಲಿ ವಿಧಿಸುತ್ತದೆ. ಔದುಂಬರದ ಎಳೆಗಾಯಿಗಳ ಗೊಂಚಲು, ಮುಳ್ಳುಹಂದಿಯ ಮುಳ್ಳು, ದರ್ಭೆಗಳಿಂದ ಪತಿಯು ತನ್ನ ಕೈಯಿಂದಲೇ ಪತ್ನಿಯ ಬೈತಲೆ ತೆಗೆಯಬೇಕು. ಬಳಿಕ ವೀಣೆಯವರು ಹಾಡಬೇಕು. ಆ ಹಾಡಿನಲ್ಲಿ ತಾವು ವಾಸಿಸುವ ಊರಿನ ಬಳಿಯ ನದಿಯ ಹೆಸರನ್ನು ಸೇರಿಸಬೇಕು. ಖಾನಾಪುರದವರಾದರೆ ಮಲಪ್ರಭೆಯ ಹೆಸರು, ಬೆಳಗಾವಿಯವರಾದರೆ ಮಾರ್ಕಂಡೇಯ ನದಿಯ ಹೆಸರು! ನಿನ್ನ ನೆಲ, ನಿನ್ನ ಜಲ, ನಿನ್ನ ಜನ ನಿನ್ನೊಡನೆ ಇದ್ದಾರೆಂದು ಆ ತಾಯಿಗೆ ಹೇಳುವ ಬಗೆಯಿದು. ಕೊನೆಗೆ ಸೂತ್ರಕಾರರು, ಪತಿಪುತ್ರರಿಂದ ಕೂಡಿದ ವೃದ್ಧ ಸುವಾಸಿನಿಯರು ಏನೇನು ಹೇಳುವರೋ ಅದನ್ನು ಮಾಡತಕ್ಕದ್ದೆಂದು ಅನುಭವಿಗಳ ಮಾತಿಗೆ ಅಧಿಕಾರವನ್ನೇ ಕೊಟ್ಟಿದ್ದಾರೆ. ನಮ್ಮ ಭಾಗದಲ್ಲಿ ಕುಬಸವೆಂದೂ ನೆರೆಯ ಮರಾಠಿಗರಲ್ಲಿ ಡೋಹಾಳೆಯ ಊಟವೆಂದೂ ನಡೆಯುವ ಸಮಾರಂಭಗಳ ತಿರುಳೂ ಗರ್ಭಿಣಿಯ ಮನಸ್ಸನ್ನು ಅರಳಿಸುವುದೇ. ಕುಬಸಕ್ಕೆ ಸೀರೆಯ ಬೆಲೆ ನೋಡುತ್ತ ಕುಳಿತು, ಉಟ್ಟವಳ ಮುಖ ನೋಡಲು ಮರೆತರೆ ಸಂಸ್ಕಾರದ ಪ್ರಯೋಜನವೇನು?

ಇನ್ನು ಆಹಾರದ ವಿಚಾರ. ತೃತೀಯಸ್ಕಂಧದಲ್ಲಿ ಭಗವಾನ್ ಕಪಿಲರು ತಾಯಿ ದೇವಹೂತಿಗೆ ಗರ್ಭಸ್ಥ ಜೀವನ ಬೆಳವಣಿಗೆಯನ್ನು ತಿಂಗಳು ತಿಂಗಳಾಗಿ ವಿವರಿಸುತ್ತಾರೆ. ನಾಲ್ಕನೆಯ ತಿಂಗಳಲ್ಲಿ ಸಪ್ತಧಾತುಗಳು, ಐದನೆಯದರಲ್ಲಿ ಹಸಿವು ಬಾಯಾರಿಕೆಗಳು ಹುಟ್ಟುತ್ತವೆ. ತಾಯಿಯು ಉಂಡು ಕುಡಿದದ್ದರಿಂದಲೇ ಶಿಶುವಿನ ಧಾತುಗಳು ಬೆಳೆಯುತ್ತವೆ. ಏಳನೆಯ ತಿಂಗಳಿಂದ ಜೀವನಿಗೆ ಅರಿವು ಮೂಡುತ್ತದೆ. ಹೀಗಿರುವಾಗ ತಾಯಿಯ ಉಪವಾಸವು ಕೇವಲ ತಾಯಿಯ ಉಪವಾಸವಾಗಿ ಉಳಿಯುವುದಿಲ್ಲ.

ನಮ್ಮ ಮಾಧ್ವಗೃಹಗಳಲ್ಲಿ ಈ ಪ್ರಶ್ನೆ ತೀವ್ರವಾಗಿ ಏಳುವುದು ಚಾತುರ್ಮಾಸ್ಯದಲ್ಲಿ. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ಕ್ರಮವಾಗಿ ಕಾಯಿಪಲ್ಲೆ, ಮೊಸರು, ಹಾಲು, ಬೇಳೆಗಳು ಅಡುಗೆಮನೆಯಿಂದ ಹೊರಗಾಗುತ್ತವೆ. ಆಷಾಢದಲ್ಲಿ ಐದು ತುಂಬಿದವಳಿಗೆ ಕಾರ್ತಿಕದಲ್ಲಿ ಒಂಬತ್ತು ತುಂಬುತ್ತದೆ. ನಾಲ್ಕೂ ವ್ರತಗಳು ಆಕೆಯ ಬಸಿರಿನ ಮೇಲೆಯೇ ಹಾದುಹೋಗುತ್ತವೆ. ಒಮ್ಮೆ ಖಾನಾಪುರದ ಕಡೆಯಿಂದ ಬಂದ ವೃದ್ಧ ಸುವಾಸಿನಿಯೊಬ್ಬರು ನಮ್ಮ ತೀರ್ಥರೂಪರನ್ನು, “ಆಚಾರ್ಯರ, ಸೊಸಿಗೆ ಆರನೇ ತಿಂಗಳು ನಡದದ. ಡಾಕ್ಟರು ಹಾಲು ಬಿಡಬ್ಯಾಡ ಅಂತಾರ. ಕ್ಷೀರವ್ರತ ಬಂತು. ಏನು ಮಾಡೋಣರಿ?” ಎಂದು ಕೇಳಿದ್ದರು. ತೀರ್ಥರೂಪರು, “ವ್ರತಾ ನೀವು ಹಿಡೀರಿ, ಹಾಲು ಆಕಿ ಕುಡೀಲಿ” ಎಂದರು.

ಇದು ನಗೆಯ ಮಾತಲ್ಲ. ಅಶಕ್ತರಿಗಾಗಿ ಪ್ರತಿನಿಧಿಯ ಮೂಲಕ ವ್ರತ ನಡೆಸುವ ಮಾರ್ಗವನ್ನು ಧರ್ಮಶಾಸ್ತ್ರದ ನಿಬಂಧಗಳು ತೋರಿವೆ. ವ್ರತಕ್ಕೆ ಭಂಗ ತಾರದ ಎಂಟು ಸಂಗತಿಗಳನ್ನು ಮಹಾಭಾರತವೂ ಎಣಿಸುತ್ತದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು ಮತ್ತು ಔಷಧ. ಏಕಾದಶಿಯು ನಿತ್ಯವ್ರತವೆಂಬುದರಲ್ಲಿ ನಮ್ಮ ಸಂಪ್ರದಾಯಕ್ಕೆ ಸಂದೇಹವಿಲ್ಲ. ಆದರೆ ಗರ್ಭಿಣಿಯು ನಿರ್ಜಲೆಯಾಗಿ ಕುಳಿತು ತಲೆಸುತ್ತಿ ಬೀಳಬೇಕೆಂದು ಯಾವ ಗುರುಗಳೂ ಬಯಸುವುದಿಲ್ಲ. ತಮ್ಮ ಮಠದ ಗುರುಗಳನ್ನೋ ಮನೆಯ ಆಚಾರ್ಯರನ್ನೋ ವಿಚಾರಿಸಿ, ವೈದ್ಯರ ಮಾತನ್ನು ಅವರ ಮುಂದಿಟ್ಟು, ಅಪ್ಪಣೆ ಪಡೆದು ನಡೆಯಿರಿ. ಗುರುವಚನವು ಆ ಎಂಟರಲ್ಲಿಯೇ ಸೇರಿದೆಯಷ್ಟೆ. ಔಷಧವೂ ಸೇರಿರುವುದರಿಂದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ಯಾವ ತಿಥಿಯಂದೂ ತಪ್ಪಿಸಬೇಕಾಗಿಲ್ಲ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಅದನ್ನು ಕೊಡುವ ಪದ್ಧತಿಯಿದೆ. ಹಾಲು, ಚಹಾಗಳೊಡನೆ ನುಂಗಿದರೆ ಅದರ ಗುಣ ಕುಂದುವುದರಿಂದ ಅವುಗಳಿಗೆ ಬೇರೆ ಹೊತ್ತನ್ನು ಇಟ್ಟುಕೊಳ್ಳಬೇಕು.

ರಕ್ತಹೀನತೆಯನ್ನು ಈಗಲೇ ನೀಗಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯ ಹೊತ್ತಿನ ರಕ್ತಸ್ರಾವವನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಈ ರಕ್ತಸ್ರಾವದ ಬಗ್ಗೆ ಜಗತ್ತಿನ ವೈದ್ಯರು ಗಮನಿಸಿದ ಒಂದು ಅಧ್ಯಯನ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರೂ ಕೂಡಿ ನಡೆಸಿದ ಅದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1,620 ತಾಯಂದಿರಲ್ಲಿ ಕೆಲವರಿಗೆ ಪ್ರಸವದ ವೇಳೆ ಶುಶ್ರೂಷಕಿಯರು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಕೊಟ್ಟರು. ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಆದ ಅತಿ ರಕ್ತಸ್ರಾವವು ಔಷಧ ಪಡೆದವರಲ್ಲಿ ನೂರಕ್ಕೆ 6.4 ಮಂದಿಗೆ ಮಾತ್ರ ಆಯಿತು. ಅದು ಮನೆಯವರು ತಾವಾಗಿ ಕೊಡುವ ಔಷಧವಲ್ಲ. ಬಲ್ಲವರು ಹತ್ತಿರವಿದ್ದರೆ ಒಂದು ಸಣ್ಣ ಗುಳಿಗೆಯೂ ಪ್ರಾಣವನ್ನು ಉಳಿಸೀತೆಂಬುದೇ ನಮಗೆ ಪಾಠ. ಶ್ರೀಹರಿಯೊಬ್ಬನೇ ಸ್ವತಂತ್ರನೆಂಬ ನಮ್ಮ ಸಿದ್ಧಾಂತಕ್ಕೆ ಇದರಿಂದ ಲೋಪವೇನಿಲ್ಲ. ಔಷಧದಲ್ಲಿ ಗುಣವಿಟ್ಟವನೂ ವೈದ್ಯನಲ್ಲಿ ಬುದ್ಧಿಯಿಟ್ಟವನೂ ಧನ್ವಂತರಿಯಾಗಿ ಅವತರಿಸಿದ ಅವನೇ.

ಬೆಳಗಾವಿ ನಗರದಲ್ಲಿರುವವರಿಗೆ ದೊಡ್ಡ ಆಸ್ಪತ್ರೆಗಳು ಹತ್ತಿರದಲ್ಲಿವೆ. ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಕಾಡಿನಂಚಿನ ಊರುಗಳ ಸ್ಥಿತಿ ಬೇರೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತ ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಒಳಗಿನ ಹಳ್ಳಿಗಳ ದಾರಿಯೇ ಮುಚ್ಚುತ್ತದೆ. ಕರೆದರೆ ಬರುವ 108ರ ವಾಹನವೂ ಹಳ್ಳದ ಆಚೆಗೇ ನಿಲ್ಲಬೇಕಾದೀತು. ಆದ್ದರಿಂದ ಅಂಥ ಊರಿನಲ್ಲಿ ಮಳೆಗಾಲದ ಹೆರಿಗೆಯಿದ್ದರೆ, ಆರು ಏಳನೆಯ ತಿಂಗಳಲ್ಲಿಯೇ ಕೂಡಿ ಕುಳಿತು ನಿರ್ಧರಿಸಬೇಕು: ಯಾವ ಆಸ್ಪತ್ರೆ, ದಿನ ಸಮೀಪಿಸಿದಾಗ ಖಾನಾಪುರದಲ್ಲೋ ಬೆಳಗಾವಿಯಲ್ಲೋ ಯಾರ ಮನೆಯಲ್ಲಿ ಇರಿಸುವುದು, ರಾತ್ರಿ ವಾಹನ ಯಾರದು, ರಕ್ತ ಬೇಕಾದರೆ ಕೊಡುವವರಾರು. ತಾಯಿ ಕಾರ್ಡು, ವರದಿಗಳು, ಒಂದಿಷ್ಟು ಹಣ ಒಂದೇ ಚೀಲದಲ್ಲಿರಲಿ. ಆಶಾ ಕಾರ್ಯಕರ್ತೆಯ ಪರಿಚಯವಿರಲಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆಗಾಗಿ 2016ರಿಂದ ಏರ್ಪಾಡಾಗಿರುವುದನ್ನೂ ತಿಳಿದಿರಬೇಕು. ರಕ್ತ ಕಾಣಿಸಿಕೊಳ್ಳುವುದು, ನೀರು ಹೋಗುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಬಾವು, ಜ್ವರ, ಕೂಸಿನ ಚಲನೆ ಕುಗ್ಗುವುದು, ಇವುಗಳಲ್ಲಿ ಒಂದು ಕಂಡರೂ ಮುಹೂರ್ತ ನೋಡದೆ, ರಾಹುಕಾಲ ಎಣಿಸದೆ ವೈದ್ಯರಲ್ಲಿಗೆ ಹೊರಡತಕ್ಕದ್ದು. ಕುಂಚಿಗೆ, ಕೌದಿ, ಹಳೆಯ ಮೆತ್ತನೆಯ ಧೋತರದ ಅರಿವೆ, ಅಂಟಿನ ಉಂಡಿಯ ಸಾಮಾನುಗಳನ್ನು ಹಿರಿಯರು ಸಂತೋಷದಿಂದ ಸಿದ್ಧಪಡಿಸಲಿ. ಆದರೆ ಮೇಲಿನ ಸಿದ್ಧತೆ ಮೊದಲಾಗಲಿ.

ಇನ್ನೊಂದು ಮಾತು. “ಗಂಡೇ ಆಗಲಿ” ಎಂಬ ಹಾರೈಕೆಯು ಎಷ್ಟೋ ತಾಯಂದಿರ ಎದೆಯ ಮೇಲೆ ಕಲ್ಲಾಗಿ ಕೂಡುತ್ತದೆ. ಗರ್ಭದ ಲಿಂಗವನ್ನು ಕೇಳುವುದೂ ಹೇಳುವುದೂ 1994ರ ಕಾನೂನಿನಂತೆ ಅಪರಾಧ. ಶಾಸ್ತ್ರವನ್ನೇ ಕೇಳುವಿರಾದರೆ, ದೇವಹೂತಿಯು ಕಪಿಲರಿಗೆ ಮೊದಲು ಒಂಬತ್ತು ಹೆಣ್ಣುಮಕ್ಕಳನ್ನು ಹೆತ್ತಳು. ಅನಸೂಯೆ, ಅರುಂಧತಿಯರು ಆ ಒಂಬತ್ತರಲ್ಲಿಯೇ ಇದ್ದಾರೆ. ವಿವಾಹದಲ್ಲಿ ಅರುಂಧತಿಯನ್ನು ತೋರಿಸುವ ನಾವು, ಹೆಣ್ಣು ಹುಟ್ಟಿತೆಂದು ಮುಖ ಬಾಡಿಸಿಕೊಳ್ಳುವುದು ಎಂಥ ವಿಪರ್ಯಾಸ!

ಇಷ್ಟೆಲ್ಲ ನಡೆಸಿದ ಮನೆಯಲ್ಲಿ ಉಪದೇಶಕ್ಕೆ ಅರ್ಥ ಬರುತ್ತದೆ. ಹೊಟ್ಟೆ ತುಂಬಿ, ಭಯ ಇಳಿದು, ಸಂಜೆಯ ದೀಪ ಹಚ್ಚಿದ ಮೇಲೆ ಆ ತಾಯಿ ಕುಳಿತಲ್ಲಿಯೇ ಸಪ್ತಮಸ್ಕಂಧವನ್ನು ಕೇಳಲಿ, ದಾಸರ ಪದಗಳನ್ನು ಗುನುಗಲಿ, ಆಯಾಸವಾದರೆ ಮಲಗಿಯೇ ನಾಮಸ್ಮರಣೆ ಮಾಡಲಿ. ಖಾನಾಪುರ ತಾಲೂಕಿನ ಹಲಸಿಯಲ್ಲಿ, ಕದಂಬರ ಕಾಲದ ಗುಡಿಯಲ್ಲಿ ಭೂವರಾಹನೂ ನರಸಿಂಹನೂ ನೆಲೆಸಿದ್ದಾರೆ. ಅಲ್ಲಿಗೆ ಹೋಗುವ ಹರಕೆಯಿದ್ದು ದಾರಿಯ ಕುಲುಕಾಟ ಬೇಡವೆಂದು ವೈದ್ಯರೆಂದರೆ, ಕೂಸಿನೊಡನೆ ಹೋಗಿ ತೀರಿಸಿದರಾಯಿತು. ಪ್ರಹ್ಲಾದನಿಗಾಗಿ ಕಂಬದಲ್ಲಿ ಕಾದಿದ್ದ ಸ್ವಾಮಿಯು ಒಂದು ವರುಷ ಕಾಯಲಾರನೇ?

ಕಯಾಧುವಿಗೆ ನಾರದರ ಆಶ್ರಮ ದೊರೆತಂತೆ ನಮ್ಮ ಮನೆಯ ಬಸುರಿಗೂ ಆಶ್ರಯ ದೊರೆಯಬೇಕು. ಆ ಆಶ್ರಮವು ಅತ್ತೆಯ ಮಾತಿನಲ್ಲಿದೆ, ಪತಿಯ ಮುಂದಾಲೋಚನೆಯಲ್ಲಿದೆ, ಅಡುಗೆಮನೆಯ ಒಂದು ಲೋಟ ಹಾಲಿನಲ್ಲಿದೆ. ಅಂಥ ಮನೆಗಳಲ್ಲಿ ಹುಟ್ಟುವ ಕೂಸುಗಳು ಹರಿಭಕ್ತರಾಗಿ ಬೆಳೆಯಲೆಂದು ಶ್ರೀಲಕ್ಷ್ಮೀನರಸಿಂಹದೇವರಲ್ಲಿ ಪ್ರಾರ್ಥಿಸುತ್ತೇವೆ.

|| ಶ್ರೀಕೃಷ್ಣಾರ್ಪಣಮಸ್ತು ||