ಮನೆಯೊಳಗಿನ ಬೀಗ

ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಕಪಾಟಿಗೂ ಬೀಗವಿಲ್ಲ. ಮನೆಯ ಎರಡೂ ಕಂಪ್ಯೂಟರುಗಳಿಂದ ಎಲ್ಲರೂ ತೆರೆಯುತ್ತಿದ್ದ ಫೋಲ್ಡರುಗಳಲ್ಲಿ ಒಂದನ್ನು ಮಗಳು ತಾನೊಬ್ಬಳೇ ತೆರೆಯುವಂತೆ ಮಾಡಿಕೊಂಡಾಗ ನಮಗೆ ನೋವಾಯಿತು.

ಕಚೇರಿಯಲ್ಲಿ ‘ಗೋಪ್ಯ’ ಎಂದು ಬರೆದ ಕಡತ ನಮ್ಮ ಮೇಜನ್ನು ದಾಟಿ ಹೋದರೆ ನಾವೆಂದೂ ನೊಂದವರಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದಾಗ, ‘ನಮ್ಮವರು’ ಎಂದು ಹೆಮ್ಮೆಪಟ್ಟವರೂ ನಾವೇ. ಅದು ಸರಕಾರದೆದುರಿನ ಹಕ್ಕು, ಅಪ್ಪನೆದುರಿನದಲ್ಲ ಎನ್ನಬಹುದು. ಗುಮಾಸ್ತರ ವಾದ!

ಫೋಲ್ಡರು ಇರುವುದು ನಮ್ಮ ಕಂಪ್ಯೂಟರಿನಲ್ಲೇ. ಮನಸ್ಸು ಮಾಡಿದರೆ ತೆರೆಯಬಲ್ಲೆವು. ಆದರೆ ತೆರೆದು, ಅದರಲ್ಲಿ ಏನೂ ಇಲ್ಲವೆಂದು ತಿಳಿದ ಮೇಲೆ ಅವಳ ಮುಖ ನೋಡುವುದು ಹೇಗೆ?

ಮೊನ್ನೆ ಅವಳೇ ಕೇಳಿದಳು: “ಅಪ್ಪಾ, ನಿಮಗೂ ಒಂದು ಮಾಡಿಕೊಡಲೇ?”